ಮಿಸ್ರಿಯಾ ಹೇಳಿದ ಮೇಲೆ ಹಾಕುವ

ಬಂದ್ಯೋಡು ಪೇಟೆಯಲ್ಲಿ ಕೃಷ್ಣಕುಮಾರನ ಟೈಪಿಂಗ್ ಅಂಗಡಿಗೆ ಮಿಸ್ರಿಯಾ ಕೆಲಸಕ್ಕೆ ಸೇರಿದ್ದು 2001ರಲ್ಲಿ. ಮದುವೆ ಕಾಗದ, ಪಂಚಾಯತಿಗೆ ಕೊಡುವ ಅರ್ಜಿ, ಜಮಾಅತಿನ ನೋಟಿಸು, ಭಜನಾ ಮಂದಿರದ ಆಮಂತ್ರಣ, ಎಲ್ಲವನ್ನೂ ಅವಳೇ ಹೊಡೆಯುತ್ತಿದ್ದಳು. ಉಪ್ಪಳದಲ್ಲಿ ಟೈಪ್‌ರೈಟಿಂಗ್ ಕಲಿತವಳಾದ್ದರಿಂದ ಕೀಲಿಗಳ ಕಡೆ ನೋಡುವ ಅಗತ್ಯ ಅವಳಿಗಿರಲಿಲ್ಲ. ಗಿರಾಕಿಗಳ ಜೊತೆ ಮಾತಾಡುತ್ತಲೇ ಬೆರಳಾಡಿಸುತ್ತಿದ್ದಳು.

ಕಣ್ಣಿನ ತೊಂದರೆ ಮೊದಲು ಕಾಣಿಸಿಕೊಂಡದ್ದು ಸಂಜೆಯ ಹೊತ್ತು. ಅಂಗಡಿಯಿಂದ ಮನೆಗೆ ಹೋಗುವಾಗ ದಾರಿಯ ಕಲ್ಲು ಕಾಣುತ್ತಿರಲಿಲ್ಲ. ಮುಂದೆ ಹಗಲಲ್ಲೂ ಪಕ್ಕದಿಂದ ಬಂದವರು ಕಾಣದಾದರು. ಇದು ನಿಧಾನವಾಗಿ ಪೂರ್ತಿ ಹೋಗುವ ಕಣ್ಣು, ಇದಕ್ಕೆ ಔಷಧಿ ಇಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಅವಳ ಮದುವೆಯ ಮಾತುಕತೆ ಆಗ ಅರ್ಧಕ್ಕೆ ಬಂದಿತ್ತು. ಗಂಡಿನ ಮನೆಯವರು ಜಗಳವಾಡಲಿಲ್ಲ, ಕಾರಣ ಹೇಳಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೇ.

2007ರ ಹೊತ್ತಿಗೆ ಪರದೆಯ ಮೇಲಿನ ಅಕ್ಷರ ಒಂದೂ ಕಾಣದಾಯಿತು. ಮಿಸ್ರಿಯಾ ಅಂಗಡಿ ಬಿಟ್ಟಳು. ತಮ್ಮ ಅಶ್ಕರ್ ಶಾರ್ಜಾದಲ್ಲಿದ್ದ. ಮನೆಯಲ್ಲಿ ಉಳಿದವರು ಅವಳು ಮತ್ತು ತಾಯಿ ಬೀವಿ, ಅವಳ ಉಮ್ಮ. ಎರಡು ವರ್ಷ ಅವಳು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಓಡಾಡಿಕೊಂಡಿದ್ದಳು.

ಕಾಸರಗೋಡಿನಲ್ಲಿ ಕಣ್ಣು ಕಾಣದವರಿಗಾಗಿ ಒಂದು ಶಿಬಿರ ನಡೆಯಿತು. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವಳು ಮೊದಲು ಕೇಳಿಸಿಕೊಂಡದ್ದು ಅಲ್ಲಿ. ಅದರ ಕನ್ನಡ ವಿಚಿತ್ರವಾಗಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ, ಮೂಗು ಕಟ್ಟಿದವರ ಹಾಗೆ ಒಂದೇ ಸಮನೆ ಓದುತ್ತಿತ್ತು. ಆದರೆ ಅವಳು ಹೊಡೆದ ಅಕ್ಷರವನ್ನು ಅದು ಹೇಳಿತು. ಮನೆಗೆ ಬಂದವಳು ಕೃಷ್ಣಕುಮಾರನಿಗೆ ಫೋನು ಮಾಡಿದಳು.

"ಕೃಷ್ಣಕುಮಾರಣ್ಣ, ನನಗೆ ಪುನಃ ಕೆಲಸ ಕೊಡ್ತೀರಾ? ಕೇಳಿ ಟೈಪ್ ಮಾಡುವ ಕೆಲಸ ಉಂಟಾ?"

ಇತ್ತು. ಸಭೆಗಳ ಭಾಷಣ, ಸಂಘಗಳ ಚರ್ಚೆ, ಬರೆಯಲು ಕೈ ನಡುಗುವ ಹಿರಿಯರು ಹೇಳಿ ರೆಕಾರ್ಡ್ ಮಾಡಿಸಿದ ನೆನಪುಗಳು. ಕೃಷ್ಣಕುಮಾರ ಅಂಗಡಿಯ ಒಂದು ಕಂಪ್ಯೂಟರನ್ನು ಅವಳ ಮನೆಯಲ್ಲಿ ತಂದಿಟ್ಟು, ಅವನ್ನೆಲ್ಲ ಪೆನ್‌ಡ್ರೈವಿನಲ್ಲಿ ತುಂಬಿಸಿ ಕಳಿಸುತ್ತಿದ್ದ. ಮಿಸ್ರಿಯಾ ಕೇಳಿ ಹೊಡೆದು ಅದರಲ್ಲೇ ವಾಪಸು ಕಳಿಸುತ್ತಿದ್ದಳು. ಅವಳು ಕೆಲಸಕ್ಕೆ ಕೂತಾಗ ಬೀವಿ ಪಕ್ಕದಲ್ಲಿ ಕೂತು, "ಅದು ಹೀಗೆ ಯಾಕೆ ಮಾತಾಡುದು? ಅದಕ್ಕೆ ಶೀತವಾ?" ಎಂದು ನಗುತ್ತಿದ್ದರು.

2013ರಲ್ಲಿ ಬೀವಿ ತೀರಿಕೊಂಡರು. ಅಶ್ಕರ್ ಬಂದು ಹೋದ. ತನ್ನ ಜೊತೆ ಶಾರ್ಜಾಕ್ಕೆ ಬಾ ಎಂದ. ಆದರೆ ಅವನದು ಆರು ಜನ ಒಟ್ಟಿಗೆ ಇರುವ ಕೋಣೆ, ಅದು ಸುಮ್ಮನೆ ಆಡಿದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ದಿನವಿಡೀ ಕೇಳುವ ಮಾತು ಕಂಪ್ಯೂಟರಿನದೊಂದೇ ಆಯಿತು. ಕೆಲಸ ಮುಗಿದ ಮೇಲೂ ಮಿಸ್ರಿಯಾ ಅದನ್ನು ಆರಿಸುತ್ತಿರಲಿಲ್ಲ. ಏನಾದರೊಂದು ಸುದ್ದಿ ಓದಲು ಹಚ್ಚಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

2016ರಲ್ಲಿ ಒಂದು ಮಧ್ಯಾಹ್ನ ಅವಳು ಲುಹರ್ ನಮಾಝ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತು ಕೀಲಿ ಒತ್ತಿದಳು. ಉತ್ತರವಿಲ್ಲ. ಇನ್ನೊಂದು ಒತ್ತಿದಳು. ಕರೆಂಟು ಹೋಯಿತೇನೋ ಎಂದು ತಲೆ ಎತ್ತಿದರೆ ಫ್ಯಾನಿನ ಗಾಳಿ ಬೀಸುತ್ತಿತ್ತು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಒಳಗೆ ಸಣ್ಣಗೆ ನಡುಗುತ್ತಿತ್ತು. ಜೀವ ಇದೆ, ಮಾತು ಮಾತ್ರ ಇಲ್ಲ. ತನಗೆ ಗೊತ್ತಿದ್ದ ಕೀಲಿಗಳನ್ನೆಲ್ಲ ಒತ್ತಿದಳು. ಒತ್ತಿದ್ದರಿಂದ ಏನಾದರೂ ಅಳಿಸಿಹೋಯಿತೋ ಎಂಬ ಹೆದರಿಕೆಯಲ್ಲಿ ಕೈ ಹಿಂದೆ ತೆಗೆದಳು.

ಫೋನು ಮಾಡಿ ಹೇಳಿದ ಮೇಲೆ ಕೃಷ್ಣಕುಮಾರ ಅಂಗಡಿ ಬಿಟ್ಟು ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಮಿಸ್ರಿಯಾ ಯಾರ ಜೊತೆಯೂ ಮಾತಾಡಲಿಲ್ಲ. ಮಾತಾಡಲು ಯಾರೂ ಇರಲಿಲ್ಲ.

ಬಂದವನು ಪರದೆ ನೋಡಿ, "ಅರೆ! ಎಂತ ಚಂದ ಉಂಟು ಮಾರಾಯ್ತಿ! ಪೂರ್ತಿ ಹೊಸತೇ ಬಂದು ಕೂತಿದೆ," ಎಂದ.

"ಎಂತದು ಬಂದದ್ದು? ನಾನು ಎಂತದೂ ಹಾಕ್ಲಿಲ್ಲ."

"ನೀನು ಹಾಕುದು ಬೇಡ, ಅದೇ ಹಾಕಿಕೊಂಡಿದೆ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಉಂಟಲ್ಲ, ಅದರ ಹೊಸ ಆವೃತ್ತಿ. ಸ್ವಾಗತ ಅಂತ ಬರೆದಿದೆ. ಮುಂದೆ ಅಂತ ಒತ್ತಬೇಕು, ಅದಕ್ಕೆ ಕಾಯ್ತಾ ಉಂಟು."

"ಎರಡು ದಿನದಿಂದ ಸ್ವಾಗತ ಅಂತ ಬರೆದುಕೊಂಡು ಕಾಯ್ತಾ ಉಂಟಾ?"

"ಹೌದು."

ಅವನು ಮುಂದೆ ಎಂಬುದನ್ನು ಒತ್ತಿದ. ಒತ್ತಿದ ಮೇಲೂ ಧ್ವನಿ ಬರಲಿಲ್ಲ. ಹಳೆಯ ಯಂತ್ರದ ಧ್ವನಿಯ ಭಾಗ ಹೊಸ ತಂತ್ರಾಂಶಕ್ಕೆ ಹೊಂದಲಿಲ್ಲ. ಕೃಷ್ಣಕುಮಾರ ಅರ್ಧ ದಿನ ಕೂತು ಎಲ್ಲವನ್ನೂ ಹಳೆಯ ಸ್ಥಿತಿಗೆ ತಂದ. ಮೂಗು ಕಟ್ಟಿದ ಧ್ವನಿ ಪುನಃ ಕೇಳಿದಾಗ ಮಿಸ್ರಿಯಾ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನು ಎಂತ ಹೊಸತೂ ಬೇಡ. ಬಾರದ ಹಾಗೆ ಮಾಡಿ. ಇದು ಹೀಗೇ ಇರ್ಲಿ," ಎಂದಳು. ಅವನು ಅಪ್ಡೇಟ್ ಬರುವ ದಾರಿಯನ್ನೆಲ್ಲ ಮುಚ್ಚಿದ.

ಒಂದು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಆ ವರ್ಷ ಅವಳಿಗೆ ದೊಡ್ಡ ಕೆಲಸವೊಂದು ಸಿಕ್ಕಿತ್ತು. ಬೆಳ್ಳೂರಿನ ತಿರುಮಲೇಶ್ವರ ಮಾಸ್ತರರು ನಿವೃತ್ತಿಯ ನಂತರ ತಾವು ಪಾಠ ಮಾಡಿದ ಗಡಿ ಶಾಲೆಗಳ ಬಗ್ಗೆ ಪುಸ್ತಕ ಬರೆಸುತ್ತಿದ್ದರು. ಪೆನ್ನು ಹಿಡಿಯಲಾಗದ್ದರಿಂದ ಮೊಬೈಲಿನಲ್ಲಿ ಹೇಳಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಮಳೆಗೆ ಕೊಡೆಯಿಲ್ಲದ ಮಕ್ಕಳು, ಕನ್ನಡ ಪಾಠಪುಸ್ತಕ ತಡವಾಗಿ ಬರುತ್ತಿದ್ದ ವರ್ಷಗಳು, ಒಂದು ಶಾಲೆಯಲ್ಲಿ ಕೊನೆಗೆ ಉಳಿದ ಏಕೈಕ ವಿದ್ಯಾರ್ಥಿನಿ. ಮಿಸ್ರಿಯಾ ಅವರನ್ನು ಒಮ್ಮೆಯೂ ಭೇಟಿಯಾಗಿರಲಿಲ್ಲ. ಆದರೆ ಅವರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಮಾತು ನಿಲ್ಲಿಸಿ ನೀರು ಕುಡಿಯುತ್ತಾರೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

2017ರಲ್ಲಿ ಒಂದು ಬೆಳಿಗ್ಗೆ ಮಾಸ್ತರರ ಕಡತ ತೆರೆಯಹೋದಾಗ ಕಂಪ್ಯೂಟರ್ ಅರ್ಥವಿಲ್ಲದ ಅಕ್ಷರಗಳನ್ನು ಓದಿತು. ಇನ್ನೊಂದನ್ನು ತೆರೆದಳು. ಅದೂ ಹಾಗೆಯೇ. ಈ ಸಲ ಮಾತು ಇತ್ತು, ಆಡಲು ಏನೂ ಉಳಿದಿರಲಿಲ್ಲ. ಇಂಟರ್‌ನೆಟ್ಟಿನ ಮೂಲಕ ಬಂದ ವೈರಸ್ ಎಲ್ಲ ಕಡತಗಳಿಗೂ ಬೀಗ ಹಾಕಿತ್ತು. ಮಾಸ್ತರರ ಧ್ವನಿ, ಅವಳು ಹೊಡೆದು ಇನ್ನೂ ಯಾರಿಗೂ ಕಳಿಸದಿದ್ದ ಪುಟಗಳು, ಎಲ್ಲ ಹೋದವು. ತಮ್ಮ ಫೋನಿನಲ್ಲಿ ಜಾಗ ಸಾಲದೆ ಮಾಸ್ತರರು ಕಳಿಸಿದ್ದನ್ನೆಲ್ಲ ಆಗಿಂದಾಗ ಅಳಿಸಿಬಿಟ್ಟಿದ್ದರು.

"ಇದು ನುಗ್ಗಿದ ತೂತನ್ನು ಮುಚ್ಚುವ ಅಪ್ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತಂತೆ," ಎಂದ ಕೃಷ್ಣಕುಮಾರ. ಹೇಳಬಾರದಿತ್ತೇನೋ ಎಂಬ ಹಾಗೆ ದನಿ ತಗ್ಗಿಸಿ, "ನಾವು ದಾರಿ ಮುಚ್ಚಿದ್ದೆವಲ್ಲ," ಎಂದು ಸೇರಿಸಿದ.

ಅವನು ಹೋದ ಮೇಲೆ ಮಿಸ್ರಿಯಾ ಯೋಚಿಸಿದಳು. ಅಪ್ಡೇಟನ್ನು ಒಳಗೆ ಬಿಟ್ಟರೆ ಅದು ಬಾಯಿ ಮುಚ್ಚಿಸುತ್ತದೆ, ಹೊರಗೆ ನಿಲ್ಲಿಸಿದರೆ ಮನೆಯೇ ಹೋಗುತ್ತದೆ. ಕಣ್ಣಿದ್ದವರಿಗೆ ಅಪ್ಡೇಟ್ ಎಂದರೆ ಸ್ವಲ್ಪ ಹೊತ್ತು ಕಾಯುವ ಕಿರಿಕಿರಿ. ತಾನು ಯಾರನ್ನು ಕೇಳಬೇಕು? ಕೇಳಲು ಯಾರೂ ನೆನಪಾಗಲಿಲ್ಲ. ಕೊನೆಗೆ ಮಾಸ್ತರರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

ಆ ಕಡೆ ಕೆಮ್ಮು ಕೇಳಿಸಿತು. ಆಮೇಲೆ ಅವರು, "ನಾನು ಇದ್ದೇನಲ್ಲ ಮಗಳೇ. ಪುನಃ ಹೇಳ್ತೇನೆ. ಮೊದಲಿನ ಸಲ ಸ್ವಲ್ಪ ಉದ್ದ ಆಗಿತ್ತು ಅಂತ ನನಗೂ ಕಾಣ್ತಿತ್ತು," ಎಂದರು.

ಈ ಸಲ ಅವರು ರೆಕಾರ್ಡ್ ಮಾಡಲಿಲ್ಲ, ದಿನಾ ಫೋನಿನಲ್ಲೇ ಹೇಳಿದರು. ಕೃಷ್ಣಕುಮಾರ ಒರೆಸಿ ಹೊಸದಾಗಿ ಸಜ್ಜು ಮಾಡಿಕೊಟ್ಟ ಕಂಪ್ಯೂಟರಿನಲ್ಲಿ ಅವಳು ಕೇಳುತ್ತಾ ಹೊಡೆದಳು. ಮಾಸ್ತರರು ಅಲ್ಲಲ್ಲಿ ಮರೆಯುತ್ತಿದ್ದರು. "ಆ ಹುಡುಗಿಯ ಹೆಸರು ಎಂತ..." ಎಂದು ತಡವರಿಸಿದಾಗ ಮಿಸ್ರಿಯಾ ಹೇಳುತ್ತಿದ್ದಳು. ಕೊಡೆಯ ಕತೆ ಬಿಟ್ಟುಹೋದಾಗ ಅವಳೇ ನೆನಪಿಸಿದಳು. "ನೀನು ಅಲ್ಲಿ ಇದ್ದ ಹಾಗೆ ಹೇಳ್ತಿಯಲ್ಲ!" ಎಂದು ಅವರು ಹಿಗ್ಗಿದರು. ಅವಳ ಜೀವನದಲ್ಲಿ ಅಷ್ಟು ಮಾತು ಕೇಳಿದ ತಿಂಗಳುಗಳು ಬೇರೆ ಇರಲಿಲ್ಲ. ಪುಸ್ತಕ ಮುಗಿಯಿತು, ಅಚ್ಚಾಯಿತು. ಒಂದು ಪ್ರತಿ ಅಂಚೆಯಲ್ಲಿ ಬಂತು. ಆಮೇಲೆ ಫೋನು ನಿಂತಿತು. ಮಾಡಲು ಕಾರಣವಿರಲಿಲ್ಲ.

ಇದರ ನಡುವೆಯೇ ಮಿಸ್ರಿಯಾ ಒಂದು ಕ್ರಮ ಮಾಡಿಕೊಂಡಿದ್ದಳು. ಅಶ್ಕರ್ ರಜೆಯಲ್ಲಿ ಬಂದಾಗ ಅವನ ಹಳೆಯ ಲ್ಯಾಪ್‌ಟಾಪನ್ನು ಕೇಳಿ ಇಟ್ಟುಕೊಂಡಳು. ಹೊಸ ಅಪ್ಡೇಟ್ ಬಂದರೆ ಮೊದಲು ಅದಕ್ಕೆ. ಅದರಲ್ಲಿ ಕೆಲವು ದಿನ ಓದಿಸಿ, ಬರೆದು, ಆರಿಸಿ, ಪುನಃ ಹಚ್ಚಿ ನೋಡುವುದು. ಮಾತು ನಿಂತರೆ ಯಾವ ಹಂತದಲ್ಲಿ ನಿಂತಿತು, ಪರದೆಯಲ್ಲಿ ಆಗ ಏನಿದೆ ಎಂದು ಕೃಷ್ಣಕುಮಾರನಿಂದ ಓದಿಸಿಕೊಂಡು ನೆನಪಿಟ್ಟುಕೊಳ್ಳುವುದು. ಎಲ್ಲ ಸರಿಯಿದ್ದರೆ ಮಾತ್ರ ಕೆಲಸದ ಕಂಪ್ಯೂಟರಿಗೆ ಹಾಕುವುದು. ಹೊಡೆದದ್ದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ವೈರು ತೆಗೆದು, ಕಪಾಟಿನಲ್ಲಿ. ಹಳತನ್ನು ಹಿಡಿದುಕೊಂಡು ಕೂರುವುದೂ ಆಗುವುದಿಲ್ಲ, ಹೊಸತು ಬಂದ ಕೂಡಲೇ ಬಾಗಿಲು ತೆರೆಯುವುದೂ ಆಗುವುದಿಲ್ಲ ಎಂದು ಅವಳಿಗೆ ಎರಡು ಪೆಟ್ಟುಗಳಿಂದ ಗೊತ್ತಾಗಿತ್ತು.

ಶಿಬಿರದಲ್ಲಿ ಪರಿಚಯವಾದವರ ವಾಟ್ಸಾಪ್ ಗುಂಪೊಂದಿತ್ತು. ಒಮ್ಮೆ ಸುಮ್ಮನೆ ಅದರಲ್ಲಿ, "ಈ ಸಲದ್ದು ಈಗ ಹಾಕ್ಬೇಡಿ. ಕನ್ನಡದ ಒತ್ತಕ್ಷರ ನುಂಗ್ತಾ ಉಂಟು," ಎಂದು ಧ್ವನಿ ಸಂದೇಶ ಹಾಕಿದಳು. ತಂತ್ರಾಂಶ ತಯಾರಿಸುವವರಿಗೂ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದಳು. ಅವರು ಉದಾಹರಣೆ ಕೇಳಿದರು, ಕಳಿಸಿದಳು. ಮುಂದಿನ ಆವೃತ್ತಿಯಲ್ಲಿ ಅದು ಸರಿಯಾಗಿ ಬಂತು. ಆಗ ಗುಂಪಿನಲ್ಲಿ, "ಈಗ ಹಾಕ್ಬಹುದು," ಎಂದಳು. ಅಲ್ಲಿಂದ ಜಿಲ್ಲೆಯ ಕಣ್ಣು ಕಾಣದ ಕನ್ನಡದವರೆಲ್ಲ, "ಮಿಸ್ರಿಯಾ ಹೇಳಿದ ಮೇಲೆ ಹಾಕುವ," ಎನ್ನತೊಡಗಿದರು. ಅವಳ ಸಂದೇಶಕ್ಕೆ ಧನ್ಯವಾದಗಳು ಬಂದು ಬೀಳುತ್ತಿದ್ದವು. ಸಂಜೆಯ ಹೊತ್ತಿಗೆ ಗುಂಪು ಪುನಃ ಮೌನವಾಗುತ್ತಿತ್ತು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾನು ದೇಲಂಪಾಡಿಯಿಂದ ವಾಸಪ್ಪ. ಸಂಗೀತ ಹೇಳಿಕೊಡ್ತೇನೆ, ನನಗೆ ಕಣ್ಣು ಕಾಣುದಿಲ್ಲ. ಗುಂಪಿಗೆ ಹೊಸಬ. ನೀವು ಹೇಳುವ ಮೊದಲೇ ಹಾಕಿಬಿಟ್ಟೆ. ಈಗ ಇದು ಮಾತಾಡುದಿಲ್ಲ."

"ಮನೆಯಲ್ಲಿ ಯಾರಾದರೂ ಪರದೆ ನೋಡುವವರು ಇದ್ದಾರಾ?"

"ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ. ನಿಮಗೆ ಫೋನಿನಲ್ಲಿ ತೋರಿಸಿದರೆ ಆಗ್ತದಾ?"

"ನನಗೂ ಕಾಣುದಿಲ್ಲ ಸಾರ್."

ಆ ಕಡೆ ಅವರು ನಕ್ಕರು. ಹೆದರಿದವರ ನಗು. ಮಿಸ್ರಿಯಾ ತನ್ನ ಲ್ಯಾಪ್‌ಟಾಪನ್ನು ಎದುರಿಗೆ ಎಳೆದುಕೊಂಡಳು.

"ಗಾಬರಿ ಬೇಡ. ಅದು ಸ್ವಾಗತ ಹೇಳ್ತಾ ನಿಂತಿದೆ. ಎಂಟರ್ ಒತ್ತಿ. ಕಾಯಿರಿ, ಕೂಡಲೇ ಇನ್ನೊಂದು ಒತ್ತಬೇಡಿ. ಈಗ ಪುನಃ ಒಮ್ಮೆ. ಇನ್ನು ನಿಮ್ಮ ಪಾಸ್‌ವರ್ಡ್ ಹೊಡೆಯಿರಿ."

"ಹೊಡೆದೆ. ಎಂತದೂ ಇಲ್ಲ."

"ಇಲ್ಲ ಅಂತ ಅಲ್ಲ, ಕೇಳುದಿಲ್ಲ ಅಷ್ಟೇ. ಸ್ವಲ್ಪ ಬಿಡಿ. ಈಗ ಓದುವ ತಂತ್ರಾಂಶವನ್ನು ಎಬ್ಬಿಸುವ. ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದುಕೊಂಡು ಎನ್ ಒತ್ತಿ."

ಇಬ್ಬರೂ ಕಿವಿಗೊಟ್ಟು ಕೂತರು. ದೇಲಂಪಾಡಿಯ ಆ ಕೋಣೆಯಲ್ಲಿ ಗೋಡೆ ಗಡಿಯಾರ ನಡೆಯುವ ಸದ್ದು ಮಿಸ್ರಿಯಾಳಿಗೆ ಕೇಳಿಸಿತು. ಆಮೇಲೆ ಆ ಮೂಗು ಕಟ್ಟಿದ ಧ್ವನಿ.

"ಬಂತು!" ಎಂದು ವಾಸಪ್ಪನವರು ಕೂಗಿದರು. "ಬಂತಮ್ಮ, ಬಂತು!" ಸಂತೋಷದ ಭರದಲ್ಲಿ ಫೋನು ಇಟ್ಟೇಬಿಟ್ಟರು. ಮಿಸ್ರಿಯಾ ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದಳು.

2019ರಲ್ಲಿ ಗುಂಪಿನವರೆಲ್ಲ ಕಾಸರಗೋಡಿನಲ್ಲಿ ಸೇರಿದರು. ಮಿಸ್ರಿಯಾ ಬಸ್ಸಿನಲ್ಲಿ ಹೋದಳು. ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ?" ಎಂದಾಗ ಸಭೆಯ ಗದ್ದಲ ಒಮ್ಮೆಲೇ ನಿಂತಿತು. "ಮಿಸ್ರಿಯಾಕ್ಕ!" ಎಂದು ಯಾರೋ ಕೂಗಿದರು. ಕುರ್ಚಿಗಳು ಸರಿದವು. ಕೈಗಳು ಅವಳ ಕೈಯನ್ನು ಹುಡುಕಿಕೊಂಡು ಬಂದವು. ಮುಂದಿನ ಅಪ್ಡೇಟ್ ಯಾವಾಗ, ಹೊಸ ಫೋನು ತೆಗೆದುಕೊಳ್ಳಬಹುದಾ, ಬ್ಯಾಂಕಿನ ಆ್ಯಪ್ ಯಾಕೆ ಓದುವುದಿಲ್ಲ ಎಂದು ಊಟದವರೆಗೂ ಪ್ರಶ್ನೆಗಳೇ. ಅವಳು ಎಲ್ಲರಿಗೂ ಉತ್ತರ ಹೇಳಿದಳು. ಗಂಟಲು ಒಣಗಿತ್ತು.

ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವರು ವಾಸಪ್ಪ. ಅವರೊಬ್ಬರು ಬೇರೆ ಪ್ರಶ್ನೆ ಕೇಳಿದರು.

"ನೀವು ಮನೆಯಲ್ಲಿ ಒಬ್ಬರೇ ಇರುದಾ?"

"ಹೌದು."

"ನಾನೂ ಹೆಚ್ಚುಕಮ್ಮಿ ಹಾಗೆಯೇ," ಎಂದರು ಅವರು. "ಮನೆ ತುಂಬ ಜನ ಇದ್ದಾರೆ."

ಮಿಸ್ರಿಯಾಳಿಗೆ ಅದು ಅರ್ಥವಾಯಿತು. ಇಬ್ಬರೂ ಊಟ ಮುಂದುವರಿಸಿದರು.

ಅದಾಗಿ ಕೆಲವು ದಿನಗಳ ಮೇಲೆ ಅವರ ಫೋನು ಬಂತು. ಮಿಸ್ರಿಯಾ ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, "ಹೇಳಿ ಸಾರ್, ಎಂತ ನಿಂತುಹೋಯ್ತು?" ಎಂದಳು.

"ಎಂತದೂ ಇಲ್ಲ. ಎಲ್ಲ ಸರಿ ಉಂಟು. ಸುಮ್ಮನೆ ಮಾಡಿದ್ದು."

ಮಿಸ್ರಿಯಾ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. ಉಮ್ಮ ಹೋದ ಮೇಲೆ ಸುಮ್ಮನೆ ಮಾಡಿದ ಫೋನು ಬಂದದ್ದೇ ಕಡಿಮೆ. "ಇಲ್ಲಿ ಬಹಳ ಸೆಕೆ," ಎಂದಳು.

"ಇಲ್ಲಿಯೂ," ಎಂದರು ವಾಸಪ್ಪ. "ಆದರೆ ಮೋಡ ಹಾಕಿದೆ ಅಂತ ಹೇಳ್ತಾ ಇದ್ದರು."