ಅಕ್ಕನ ಸ್ವರದ ಬಟನ್

ಅಕ್ಕನ ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಒಂದು ಮೆಶಿನ್ ಕೊಡಿಸಿದೆವು. ಟಾರ್ಚಿನಷ್ಟೇ ಉದ್ದ, ಟಾರ್ಚಿನ ಹಾಗೆಯೇ ಹಿಡಿದುಕೊಳ್ಳುವುದು. ಆದರೆ ಬೆಳಕು ಬರಬೇಕಾದ ತುದಿಯನ್ನು ಗಂಟಲಿಗೆ ಒತ್ತಿಕೊಳ್ಳಬೇಕು. ಅದು ಗುಂಯ್ ಎನ್ನುತ್ತದೆ. ಅಕ್ಕ ಬಾಯಿ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಡಾಕ್ಟರರು ಸ್ವರದ ಪೆಟ್ಟಿಗೆಯನ್ನೇ ತೆಗೆದಿದ್ದರು. ಅವಳ ಉಸಿರು ಈಗ ಕತ್ತಿನ ಕೆಳಗಿನ ಸಣ್ಣ ತೂತಿನಲ್ಲಿ ಹೋಗಿ ಬರುತ್ತದೆ, ಬಾಯಿಯ ಕಡೆ ಹಾಯುವುದೇ ಇಲ್ಲ. ಆದ್ದರಿಂದ ಮೆಶಿನ್ ಇಲ್ಲದೆ ಅವಳಿಗೆ ಪಿಸುಗುಟ್ಟಲೂ ಆಗುವುದಿಲ್ಲ. ಮೆಶಿನ್ ಇದ್ದರೂ ಹಕಾರ ಬರುವುದಿಲ್ಲ. ಇಲ್ಲಿ ಬರೆಯುವಾಗ ಅವಳ ಹಕಾರಗಳನ್ನು ನಾನೇ ಹಾಕುತ್ತಿದ್ದೇನೆ.

ಕಾನ್ವೆಂಟಿಗೆ ಹೋದವಳು ನಾನು. ಅಕ್ಕ ಸ್ಕೂಲು ಬಿಟ್ಟು ಅಮ್ಮನ ಜೊತೆ ಮೀನು ಮಾರಿದಳು. ಬೀಜಾಡಿಯಿಂದ ನಡೆದು ನಾನು ಹೈವೇ ಮುಟ್ಟುವಷ್ಟರಲ್ಲಿ ಕುಂದಾಪುರದ ಬಸ್ಸು ಹೊರಟಿರುತ್ತಿತ್ತು. ಹಿಂದಿನಿಂದ ಅಕ್ಕ ಒಂದು ‘ಹ್ವಾಯ್’ ಹಾಕುತ್ತಿದ್ದಳು. ಬಸ್ಸು ನಿಲ್ಲುತ್ತಿತ್ತು, ಅದರ ಎದುರಿಗೆ ಬರುತ್ತಿದ್ದ ಲಾರಿಯೂ ನಿಲ್ಲುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಸಾಫ್ಟ್ ಆಗಿ, ಕಂಪ್ಲೀಟ್ ಸೆಂಟೆನ್ಸ್‌ನಲ್ಲಿ ಮಾತಾಡಲು. ಸಾಫ್ಟ್ ಆಗಿ ಕರೆದರೆ ಬಸ್ಸು ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ವ್ಯಾನ್ ಇತ್ತು.

ಈ ವಯಸ್ಸಿನಲ್ಲಿ ನಾವಿಬ್ಬರೂ ಬೀಜಾಡಿಯಲ್ಲಿ ತಮ್ಮನ ಮನೆಯಲ್ಲಿದ್ದೇವೆ. ಮೆಶಿನ್ನಿಗೆ ಎರಡು ಬಟನ್. ಒಂದು ಅದನ್ನು ಆನ್ ಆಫ್ ಮಾಡುವುದು; ಇನ್ನೊಂದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಸ್ವರ. ಕೆಟ್ಟದ್ದು ಮೊದಲನೆಯದು. ಒತ್ತಿದರೆ ಆನ್ ಆಗಿ, ಅದೇ ಉಸಿರಿಗೆ ಆಫ್ ಆಗುತ್ತಿತ್ತು. ಸಿಟ್ಟಿನಲ್ಲಿ ವಾಲ್ಯೂಮ್ ಏರಿಸಿದರೆ ಮಾತಿನ ಮಧ್ಯೆ ಸಾಯುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ಗುಡಿಸಲು ಬಗ್ಗಿದರೆ ತಾನಾಗಿ ಎದ್ದು, ಸಂಜೆಯೊಳಗೆ ಬ್ಯಾಟರಿ ತಿಂದು ಮುಗಿಸುತ್ತಿತ್ತು. ತಮ್ಮನಿಗೆ ಅವಳು ಶುರು ಮಾಡಿದ ಬೈಗುಳಗಳಲ್ಲಿ ಹೆಚ್ಚಿನವು ಕ್ರಿಯಾಪದದವರೆಗೆ ತಲುಪಲಿಲ್ಲ. ತಮ್ಮ ಆ ತಿಂಗಳುಗಳಲ್ಲಿ ಸ್ವಲ್ಪ ದಪ್ಪಗಾದ.

ಆಗ ತಮ್ಮನ ಸೊಸೆ ಬಸುರಿಯಾದಳು. ಬೈಂದೂರಿನ ಹುಡುಗಿ, ಬ್ರಹ್ಮಾವರದ ಒಂದು ಸಣ್ಣ ಕಂಪೆನಿಯಲ್ಲಿ ಸರ್ಕ್ಯೂಟ್ ಡಿಸೈನ್ ಮಾಡುತ್ತಾಳೆ. ಗೋಡಂಬಿಯಲ್ಲಿ ಎಷ್ಟು ತೇವ ಇದೆ ಎಂದು ತೋರಿಸುವ, ಕೈಯಲ್ಲಿ ಹಿಡಿಯುವ ಮೀಟರ್ ಅವರದ್ದು.

ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ತಂದೆಯ ಅಕ್ಕನೋ ತಂಗಿಯೋ. ತಮ್ಮನಿಗೆ ಒಬ್ಬನೇ ಮಗ. ಆದ್ದರಿಂದ ಆ ಕೆಲಸ ಮೇಲಿನ ತಲೆಮಾರಿಗೆ, ಅಂದರೆ ಅಕ್ಕನಿಗೆ ಬಂತು. ಆ ಮಗನ ಕಿವಿಯಲ್ಲೂ ಅವಳೇ ಹೇಳಿದ್ದಳು. ಮಗು ಹುಟ್ಟುವ ಮೊದಲು ಇಂಥ ಮಾತು ಆಡಬಾರದು. ಆಡಿದರು. ಮೆಶಿನ್ ಸ್ವರಕ್ಕೆ ಎಳೆ ಮಗು ಹೆದರೀತು, ನಡುವೆ ಆಫ್ ಆದರೆ ಹೆಸರು ಅರ್ಧಕ್ಕೆ ನಿಂತೀತು, ಈ ಸಲ ಕಿರಿಯಕ್ಕನೇ ಹೇಳಲಿ, ಅವಳದ್ದು ಕಾನ್ವೆಂಟ್ ಉಚ್ಚಾರ ಎಂದು ತಮ್ಮ ಊಟದ ಹೊತ್ತಿಗೆ ನೆಲ ನೋಡಿಕೊಂಡು ಹೇಳಿದ. ನಾನು ಸಾರು ಬಡಿಸಿಕೊಂಡೆ. ಅಕ್ಕ ಮೆಶಿನ್ ಎತ್ತಿ, ಆನ್ ಆಗುವವರೆಗೆ ಒತ್ತಿ ಒತ್ತಿ, ಕೊನೆಗೆ ಹೇಳಿದಳು:

“ನಾ ಇನ್ನೂ ಇದ್ದೆ ಅಲ್ದಾ? ನಾನೇ ಹೇಳು...”

ಆಫ್ ಆಯಿತು.

ಸೊಸೆ ಎದ್ದು ಕೈ ತೊಳೆದು ಸ್ಕ್ರೂಡ್ರೈವರ್ ತಂದಳು. ಆ ಮೇಲೆ ಒಂದಷ್ಟು ವಾರ ನಮ್ಮ ಊಟದ ಮೇಜಿನ ಅರ್ಧದಲ್ಲಿ ಅಕ್ಕನ ಸ್ವರ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಸೋಲ್ಡರಿನ ಹೊಗೆ ಬಸುರಿಗೆ ಆಗದೆಂದು ಬೆಸುಗೆ ಹಾಕುವ ಕೆಲಸವನ್ನೆಲ್ಲ ಅವಳು ಆಫೀಸಿನಲ್ಲಿ ಬೇರೆಯವರಿಂದ ಮಾಡಿಸಿ ತರುತ್ತಿದ್ದಳು.

ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಾವು ಒಂದು ಸಲ ಒತ್ತಿದ್ದೇವೆ ಅಂದುಕೊಳ್ಳುತ್ತೇವೆ. ಒಳಗಿನ ಲೋಹದ ತಗಡು ನಡುಗಿ ಹಲವು ಸಲ ತಾಗುತ್ತದೆ, ಉಪ್ಪುಗಾಳಿ ತಿಂದ ಬಟನ್ನಿನಲ್ಲಿ ಇನ್ನೂ ಹೆಚ್ಚು. ಸರ್ಕ್ಯೂಟ್ ಮೊದಲ ನಡುಕಕ್ಕೆ ಆನ್, ಎರಡನೆಯದಕ್ಕೆ ಆಫ್ ಆಗುತ್ತಿತ್ತು. ಹಾಗಾಗಿ ನಡುಕ ನಿಲ್ಲುವವರೆಗೆ ಕಾಯುವುದನ್ನು ಅದಕ್ಕೆ ಕಲಿಸಬೇಕು. ಸ್ವರ ಜೋರಾದಾಗ ಬ್ಯಾಟರಿ ಒಂದು ಕ್ಷಣ ಕುಗ್ಗುತ್ತದೆ, ಆಗ ತಾನು ಆನ್ ಇದ್ದೇನೆ ಎನ್ನುವುದನ್ನೇ ಸರ್ಕ್ಯೂಟ್ ಮರೆಯುತ್ತದೆ. ಆ ನೆನಪಿಗೆ ಮಾತ್ರ ಬೇರೆಯಾಗಿ ಸ್ವಲ್ಪ ಕರೆಂಟ್ ತೆಗೆದಿಡಬೇಕು. ಆಫ್ ಆಗಲು ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಬೇಕು. ಸೊಂಟದಲ್ಲಿ ತಾನಾಗಿ ಎದ್ದರೂ, ತುಂಬ ಹೊತ್ತು ಯಾರೂ ಮಾತಾಡದಿದ್ದರೆ ತಾನಾಗಿ ಮಲಗಬೇಕು. ಈ ಕೊನೆಯದು ಅಕ್ಕ ಎಚ್ಚರ ಇದ್ದಾಗ ನಡೆಯುವ ಸಂಭವ ಇರಲಿಲ್ಲ.

ಇಷ್ಟೆಲ್ಲ ಎಂತಕ್ಕೆ, ಟಾರ್ಚಿನ ಹಾಗೆ ಜಾರಿಸುವ ಸ್ವಿಚ್ ಹಾಕಬಾರದೇ ಎಂದು ಅಕ್ಕ ಕೈಸನ್ನೆಯಲ್ಲಿ ಕೇಳಿದಳು. ಜಾರುವ ಸಂದಿನಲ್ಲಿ ಮೀನಿನ ನೀರು ಇಳಿಯುತ್ತದೆ ದೊಡ್ಡತ್ತೆ, ಎಂದಳು ಸೊಸೆ. ಅಕ್ಕ ಮತ್ತೆ ಕೇಳಲಿಲ್ಲ. ಮೀನಿನ ನೀರು ಎಲ್ಲಿಗೆಲ್ಲ ಇಳಿಯುತ್ತದೆ ಎಂದು ಅವಳಿಗೆ ತಿಳಿಯದ್ದಲ್ಲ.

ಟೆಸ್ಟಿಂಗ್ ಮಾಡಿದ್ದು ಅಕ್ಕನೇ. ಬಂಗುಡೆ ಶುಚಿ ಮಾಡಿದ ಕೈಯಲ್ಲಿ ಒತ್ತಿದಳು. ಅದರ ಮೇಲೆ ಕೂತಳು. ಪೂರ್ತಿ ವಾಲ್ಯೂಮಿನಲ್ಲಿ ತಮ್ಮನ ಬಾಲ್ಯದಿಂದ ಹಿಡಿದು ಮೊನ್ನೆ ಮೊನ್ನೆಯವರೆಗಿನ ತಪ್ಪುಗಳನ್ನು ಒಂದೇ ಸಮ ಹೇಳಿದಳು. ಮೆಶಿನ್ ಒಮ್ಮೆಯೂ ಆಫ್ ಆಗಲಿಲ್ಲ. ಸೊಸೆ ಪಕ್ಕದಲ್ಲಿ ಕೂತು ವೋಲ್ಟೇಜ್ ನೋಡುತ್ತಿದ್ದಳು. ತಮ್ಮ ಪುನಃ ಸಪೂರ ಆದ. ಸೊಸೆ ಹೆರಿಗೆಗೆ ಬೈಂದೂರಿಗೆ ಹೊರಡುವ ಮೊದಲು ಎಲ್ಲವನ್ನೂ ಕೇಸಿನೊಳಗೆ ಕೂರಿಸಿ, ಸ್ಕ್ರೂ ಬಿಗಿದು, ದೊಡ್ಡತ್ತೆಯ ಕೈಗಿತ್ತು ಕಾಲಿಗೆ ಬಿದ್ದಳು.

ಹೆಣ್ಣು ಮಗು. ತೊಟ್ಟಿಲಿಗೆ ಹಾಕುವ ದಿನ ನಾವು ಕಾರಿನಲ್ಲಿ ಬೈಂದೂರಿಗೆ ಹೊರಟೆವು. ರಸ್ತೆ ಸಮುದ್ರದ ಪಕ್ಕಕ್ಕೇ ಬರುವಲ್ಲಿ ಕಿಟಕಿಯಿಂದ ತುಂತುರು ಒಳಗೆ ಬರುತ್ತಿತ್ತು. ಅಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ಹೆಸರಿಗಾಗಿ ಬ್ಯಾಟರಿ ಉಳಿಸುತ್ತಿದ್ದಾಳೆ ಅಂದುಕೊಂಡೆ.

ತೊಟ್ಟಿಲಿನ ಹತ್ತಿರ ಜಾಗ ಮಾಡಿಕೊಟ್ಟರು. ಅಕ್ಕ ಸೊಂಟದಿಂದ ಮೆಶಿನ್ ತೆಗೆದಳು. ಅದು ಹೊಸ ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ನಮ್ಮ ಮನೆಯಲ್ಲಿ ಟೀವಿಯ ರಿಮೋಟು, ಫ್ಯಾನಿನ ರಿಮೋಟು ಎಲ್ಲವೂ ಹಾಗೇ. ಬಂದ ದಿನ ಕವರಿನೊಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ, ನಾವು ಕವರಿನ ಮೇಲಿಂದಲೇ ಒತ್ತುವುದು. ಉಪ್ಪುಗಾಳಿಗೆ ಬೇರೆ ಮದ್ದಿಲ್ಲ. ಗಂಟಲಿಗೆ ತಾಗುವ ತುದಿಯನ್ನು ಮಾತ್ರ ಹೊರಗೆ ಬಿಟ್ಟು, ಕವರಿನ ಬಾಯಿಯನ್ನು ರಬ್ಬರ್ ಬ್ಯಾಂಡಿನಲ್ಲಿ ನಾಲ್ಕು ಸುತ್ತು ಬಿಗಿದಿದ್ದಳು. ಸುತ್ತು ಬಿದ್ದದ್ದು ಆನ್ ಆಫ್ ಬಟನ್ನಿನ ಮೇಲೆ.

ಅಕ್ಕ ಒತ್ತಿದಳು. ಏನೂ ಆಗಲಿಲ್ಲ. ಬಟನ್ ಬೀಜಾಡಿಯಿಂದ ಒತ್ತಿಯೇ ಇತ್ತು. ಒತ್ತಿದ್ದನ್ನು ಮತ್ತೆ ಒತ್ತಲು ಬರುವುದಿಲ್ಲ. ಸರ್ಕ್ಯೂಟ್ ಮೂರು ಎಣಿಸಿ, ಹೇಳಿಕೊಟ್ಟ ಹಾಗೆ ಆಫ್ ಆಗಿ, ಬೆರಳು ಏಳುವುದನ್ನು ಕಾಯುತ್ತ ಕೂತಿತ್ತು. ಇದು ನನಗೆ ತಿಳಿದದ್ದು ಆಮೇಲೆ. ಆಗ ನಾನು ನೋಡಿದ್ದು ಅಕ್ಕನ ಹೆಬ್ಬೆರಳು ಬೆಳ್ಳಗಾಗುವುದನ್ನು.

ಎಲ್ಲರೂ ನನ್ನ ಕಡೆ ನೋಡಿದರು. ತಮ್ಮ ನನ್ನ ಹಿಂದೆ ಬಂದು ನಿಂತು ಮೆಲ್ಲಗೆ, “ನೀನ್ ಹೇಳ್ ಅಕ್ಕ, ಹೊತ್ತ್ ಮೀರ್ತ್” ಎಂದ. ನನ್ನ ಬಾಯಿಯಲ್ಲಿ ಹೆಸರು ಸಿದ್ಧವಾಗಿತ್ತು. ಒಳ್ಳೆಯ ಉಚ್ಚಾರದಲ್ಲಿತ್ತು. ನಾನು ಅರ್ಧ ಎದ್ದೆ.

ಅಕ್ಕ ನನ್ನ ಕಡೆ ತಿರುಗದೆ ಒಂದು ಕೈ ಎತ್ತಿದಳು, ಹಿಂದೆ ಬಸ್ಸಿಗೆ ಎತ್ತುತ್ತಿದ್ದ ಹಾಗೆ. ನಾನು ಕೂತೆ. ಅವಳು ಮೆಶಿನ್ನನ್ನು ಮಡಿಲಿಗೆ ಹಾಕಿಕೊಂಡು ಬಗ್ಗಿ ಮಗುವಿನ ಕಿವಿಗೆ ತುಟಿ ಇಟ್ಟಳು. ತುಟಿ ಆಡಿತು. ಸ್ವರ ಇಲ್ಲ, ಉಸಿರಿಲ್ಲ. ನಾಲಿಗೆ ಹಲ್ಲಿಗೆ ತಾಗುವ, ತುಟಿ ಬಿಡುವ ಸಣ್ಣ ಸದ್ದು ಮಾತ್ರ. ಹೆಸರಿನಲ್ಲಿ ಹಕಾರ ಇರಲಿಲ್ಲ. ಮೂರು ಸಲ. ಮಗು ಅಳಲಿಲ್ಲ. ಮೂರನೆಯದಕ್ಕೆ ಕಣ್ಣು ಬಿಟ್ಟು ಕತ್ತನ್ನು ಆ ಕಡೆಗೆ ತಿರುಗಿಸಿತು. ನಾನು ಬಾಯಿಯಲ್ಲಿದ್ದದ್ದನ್ನು ನುಂಗಿಕೊಂಡೆ.

ಸೊಸೆ ಅಷ್ಟರಲ್ಲಿ ರಬ್ಬರ್ ಬ್ಯಾಂಡ್ ನೋಡಿದ್ದಳು. ಅಕ್ಕನ ಮಡಿಲಿನಿಂದ ಮೆಶಿನ್ ಎತ್ತಿ ಬ್ಯಾಂಡು ಕಳಚಿ, ಕವರು ಕಿತ್ತು, ತಿರುಗಿ ಕೊಟ್ಟಳು. ಒಂದೇ ಒತ್ತಿಗೆ ಆನ್ ಆಯಿತು. ಸ್ವರ ಬಂತಲ್ಲ, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿಬಿಡು ಎಂದು ತಮ್ಮ ಧೈರ್ಯ ಮಾಡಿದ. ಅಕ್ಕ ಮೆಶಿನ್ನನ್ನು ಗಂಟಲಿಗೆ ಒತ್ತಿಕೊಂಡಳು. ವಾಲ್ಯೂಮ್ ಟೆಸ್ಟಿಂಗಿನಲ್ಲಿ ಇದ್ದಷ್ಟೇ ಇತ್ತು.

“ಹೇಳಿ ಆಯ್ತ್. ಒಂದ್ ಮಗುಗೆ ಎಷ್ಟ್ ಸಲ ಹೆಸ್ರ್ ಇಡುದ್ ಮಾರಾಯಾ?”

ಕಂಪ್ಲೀಟ್ ಸೆಂಟೆನ್ಸ್. ಕೊನೆಯ ಅಕ್ಷರದವರೆಗೂ ಸರ್ಕ್ಯೂಟ್ ಹಿಡಿದು ನಿಂತಿತು. ಮಗು ಆಗ ಅತ್ತಿತು.