ಗಿಡುಗಕ್ಕೆ ಸಾಕ್ಷಿ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಟೀಚರ್. ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಭಾನುವಾರ ಬಂತೆಂದರೆ ವಠಾರದ ಮನೆಗಳಲ್ಲೆಲ್ಲ ನೆಂಟರು, ಎಣ್ಣೆ ಸ್ನಾನ, ಗಲಾಟೆ. ನನ್ನ ಬಾಗಿಲು ತಟ್ಟುತ್ತಿದ್ದವನು ಹಾಲಿನವನೊಬ್ಬನೇ. ಒಂಟಿತನ ತಡೆಯಲಾರದೆ ದುರ್ಬೀನು ಹೆಗಲಿಗೆ ಹಾಕಿಕೊಂಡು ಅತ್ತಿಗುಪ್ಪೆಯ ಮಾವಿನ ತೋಪಿಗೆ ನಡೆದುಬಿಡುತ್ತಿದ್ದೆ.

ಅಲ್ಲಿ ಆಡು ಮೇಯಿಸುವ ಅಜ್ಜಿಯೊಬ್ಬಳಿದ್ದಳು. ಮೊದಲ ದಿನವೇ ಕೇಳಿದಳು: "ಯಾರ್ನ ಕಾಯ್ತಾ ಇದೀಯವ್ವಾ?"

"ಯಾರ್ನೂ ಇಲ್ಲ ಅಜ್ಜಿ, ಹಕ್ಕಿ ನೋಡ್ತಾ ಇದೀನಿ."

"ಸರಿ ಸರಿ," ಎಂದು ನಕ್ಕಳು. ನಂಬಲಿಲ್ಲ. ನನಗೆ ಸಿಟ್ಟು ಬಂತು. ಆದರೂ ಮುಂದಿನ ಭಾನುವಾರಗಳಲ್ಲಿ ಪಕ್ಕದಲ್ಲೇ ಕೂತು, ಎಲೆಯಡಿಕೆ ಜಗಿಯುತ್ತ, ಅವಳೂ ಮೇಲೆ ನೋಡತೊಡಗಿದಳು.

ಮಾಗಿಯ ಒಂದು ಬೆಳಿಗ್ಗೆ ಒಣಕೊಂಬೆಯ ಮೇಲೆ ಆ ಗಿಡುಗ ಕೂತಿತ್ತು. ಕಪ್ಪು ತಲೆ, ಪುಟ್ಟ ಜುಟ್ಟು, ಕೆಂಪು ಹೊಟ್ಟೆ. ಘಟ್ಟದ ದಟ್ಟ ಕಾಡಿನಲ್ಲಿ, ಅದೂ ಅಪರೂಪಕ್ಕೆ ಕಾಣುವ ಹಕ್ಕಿ. ದುರ್ಬೀನು ಕಣ್ಣಿಗೊತ್ತಿಕೊಂಡೆ.

ದುರ್ಬೀನಿಲ್ಲದೆಯೇ ಅಜ್ಜಿ ಹೇಳಿದಳು: "ಎದೆಗೆ ಸುಣ್ಣ ಬಳ್ದು, ಕೆಳಗ್ಡೆ ಕೆಮ್ಮಣ್ಣು ಸಾರ್ಸಿದಂಗೈತೆ ನೋಡು. ಇದು ನಮ್ಮ ಕಡೇದಲ್ಲ ಕಣವ್ವಾ. ಒಂಟಿ ಹಕ್ಕಿ, ದಾರಿ ತಪ್ಪೈತೆ."

"ಇದು ಪುಸ್ತಕದಲ್ಲಿ ಬರತ್ತೆ ಅಜ್ಜಿ!" ಎಂದೆ.

ನಮ್ಮ ಭಾಗದ ಹಕ್ಕಿಗಳ ಪಟ್ಟಿಯೊಂದು ಪುಸ್ತಕವಾಗಿ ಅಚ್ಚಾಗುವುದರಲ್ಲಿತ್ತು. ಅದರಲ್ಲಿ ನಾನು ಕಂಡದ್ದು ಒಂದೇ ಒಂದು ಸಾಲಾಗಿ ಬರಲಿ ಎಂದು ಆಸೆಪಟ್ಟು ಬರೆದೆ. ನನ್ನದು ಎನ್ನುವಂಥದ್ದು ಬದುಕಿನಲ್ಲಿ ಬೇರೇನೂ ಇರಲಿಲ್ಲ. ಪಟ್ಟಿ ಮಾಡುತ್ತಿದ್ದವರಿಂದ ಕಾರ್ಡು ಬಂತು: ಅದು ಕಾಡಿನ ಹಕ್ಕಿ, ಅಲ್ಲಿ ಕಾಡಿಲ್ಲ, ನಿಮ್ಮ ಜೊತೆ ನೋಡಿದವರು ಯಾರಾದರೂ ಇದ್ದಾರೆಯೇ?

ಎರಡು ದಿನ ಯೋಚಿಸಿದೆ. ಹೆಬ್ಬೆಟ್ಟಿನವಳನ್ನು, ಆಡು ಕಾಯುವವಳನ್ನು ಸಾಕ್ಷಿ ಎಂದು ಬರೆದರೆ ನಕ್ಕುಬಿಡುತ್ತಾರೆ ಅನ್ನಿಸಿತು. ಓದಿದವಳ ಜಂಬ ನೋಡಿ! ‘ಯಾರೂ ಇಲ್ಲ, ಒಬ್ಬಳೇ ಇದ್ದೆ’ ಎಂದು ಬರೆದು ಪೋಸ್ಟ್ ಮಾಡಿದೆ.

ಪಟ್ಟಿಯಲ್ಲಿ ಗಿಡುಗ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮುನಿಸಿಕೊಂಡು ತಿಂಗಳುಗಟ್ಟಲೆ ತೋಪಿನ ಕಡೆ ತಲೆಹಾಕಲಿಲ್ಲ. ಮತ್ತೆ ಹೋದಾಗ ಬಡಾವಣೆಗೆಂದು ಮರಗಳನ್ನೆಲ್ಲ ಕಡಿದು ಸೈಟಿನ ಕಲ್ಲು ನೆಟ್ಟಿದ್ದರು. ಅಜ್ಜಿ ಒಂದು ಬುಡದ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದುಬಿಟ್ಟಳು.

"ಬಂದ್ಯಾ ಟೀಚರವ್ವಾ! ಭಾನ್ವಾರ ಭಾನ್ವಾರ ಕಾದೆ ಕಣೇ. ನಮ್ಮ ಹಕ್ಕಿ ಪುಸ್ತಕ್ದಲ್ಲಿ ಬಂತಾ? ಇಬ್ರೂ ನೋಡಿದ್ವಿ ಅಂತ ಬರ್ದೆ ತಾನೆ?"

"ಬರ್ದೆ ಅಜ್ಜಿ," ಎಂದೆ.

ಅವಳ ಪಕ್ಕದಲ್ಲಿ ಕೂತೆ. ಅಭ್ಯಾಸದಂತೆ ಇಬ್ಬರೂ ತಲೆಯೆತ್ತಿ ನೋಡಿದೆವು. ಕೊಂಬೆಯೇ ಇರಲಿಲ್ಲ.