ಆಷಾಢಕ್ಕೆ ಮುಂಚಿನ ಬೋಣಿ

ನಂಜನಗೂಡಿನ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಇಡ್ಲಿ ಹಿಟ್ಟು ರುಬ್ಬಿದ್ದೇನೆ. ಬೆವರು ನನ್ನದು, ಹೆಸರು ಮಾಲೀಕನದು. ಆ ಹೊಟ್ಟೆಯುರಿಯಲ್ಲೇ ಸರ್ಕಾರದ ಸಾಲಕ್ಕೆ ಅರ್ಜಿ ಹಾಕಿದ್ದು. ಹೊಸದಾಗಿ ಉದ್ಯೋಗ ಶುರು ಮಾಡುವವರಿಗೆ ಸರ್ಕಾರವೇ ಜಾಮೀನು ನಿಂತು ಸಬ್ಸಿಡಿಯನ್ನೂ ಕೊಡುತ್ತದಂತೆ. ನನ್ನ ಓಲೆ ಮಾರಿ, ಟಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆಗೆ ಮುಂಗಡ ಕೊಟ್ಟೆವು. ಸಾಲ ಬಂದರೆ ಹೋಟೆಲು, ಬರದಿದ್ದರೆ ಓಲೆಯ ಜೊತೆ ಮಳಿಗೆಯೂ ಹೋಯಿತು.

ಬ್ಯಾಂಕಿನವರು ಜಾಗ ನೋಡಲು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅನ್ನುತ್ತಲೇ ಆಷಾಢ ಹತ್ತಿರ ಬಂತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಒಲೆ ಹಚ್ಚುವುದಿಲ್ಲ. ಸಾಲ ಆ ತಿಂಗಳಲ್ಲೇ ಬಂದರೆ ಏನು ಗತಿ? ಮೊದಲೇ ಹಾಲುಕ್ಕಿಸಿಬಿಟ್ಟರೆ ಆಮೇಲೆ ಯಾವಾಗ ಬಾಗಿಲು ತೆಗೆದರೂ ದೋಷವಿಲ್ಲ ಅಂದುಕೊಂಡೆ.

ನನ್ನ ಗಂಡ ಅದೇ ಹೋಟೆಲಿನಲ್ಲಿ ಸಪ್ಲೈಯರ್. ಮಾತು ಕಮ್ಮಿ. "ಕಾಗ್ದ ಬರ್ಲಿ ಇರು," ಅಂದರು.

"ನೀವು ಇಂಗೇ ಕಾಯ್ತಾ ಇರಿ, ತಲೆ ಬೆಳ್ಳಗಾಯ್ತದೆ," ಎಂದು ಅವರ ಬಾಯಿ ಮುಚ್ಚಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ನನಗೇ ಮಾಡಿದ್ದು.

ಜ್ಯೇಷ್ಠದ ಕೊನೆಯ ಒಳ್ಳೆಯ ದಿನ ನೋಡಿ ಮಾವಿನ ತೋರಣ ಕಟ್ಟಿದೆ, ಹಾಲುಕ್ಕಿಸಿದೆ. ಬಾಡಿಗೆ ಪಾತ್ರೆ ತಂದಿದ್ದೆವಲ್ಲ, ಇರಲಿ ಎಂದು ಒಂದು ಸುತ್ತು ಇಡ್ಲಿಯನ್ನೂ ಇಟ್ಟೆ. ಹತ್ತು ಗಂಟೆಗೆ ಬ್ಯಾಂಕಿನ ಅಧಿಕಾರಿ ಫೈಲು ಹಿಡಿದು ಬಂದೇಬಿಟ್ಟರು. ದೇವರೇ ಕಳಿಸಿದ್ದಾನೆ ಅನ್ನಿಸಿತು.

"ಕೂತ್ಕಳಿ ಸಾ, ಮೊದಲ್ನೇ ಗಿರಾಕಿ ನೀವೇಯ."

ತಿಂದರು, ಚೆನ್ನಾಗಿದೆ ಅಂದರು, ಐವತ್ತರ ನೋಟು ತೆಗೆದರು. ಬೇರೆ ದಿನವಾಗಿದ್ದರೆ ಮುಟ್ಟುತ್ತಿರಲಿಲ್ಲ. ಆದರೆ ಮೊದಲ ವ್ಯಾಪಾರವನ್ನು ಪುಕ್ಕಟೆ ಕೊಟ್ಟರೆ ಅಂಗಡಿ ಏಳುವುದಿಲ್ಲ.

"ಬೋಣಿ ಸಾ, ಬ್ಯಾಡ ಅನ್ಬಾರ್ದು," ಎಂದು ಇಸಿದುಕೊಂಡು ಕಣ್ಣಿಗೊತ್ತಿಕೊಂಡೆ. ಅವರು ಮೊಬೈಲಿನಲ್ಲಿ ಫೋಟೋ ತೆಗೆದರು. ಸೆರಗು ಸರಿಮಾಡಿಕೊಂಡು ನಕ್ಕೆ. ಅವರು ಹೋದ ಮೇಲೆ ನೋಟನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಬಾಗಿಲು ಹಾಕಿದೆವು.

ಮೂರು ವಾರದ ಮೇಲೆ ಬ್ಯಾಂಕಿಗೆ ಕರೆದರು. ಅದೇ ಅಧಿಕಾರಿ. "ಅಮ್ಮಾ, ಈ ಸಾಲ ಇನ್ನೂ ಶುರು ಮಾಡದೇ ಇರೋರಿಗೆ. ನಿಮ್ಮ ಹೋಟೆಲು ಆಗಲೇ ನಡೀತಿದೆ. ಅರ್ಜಿ ವಾಪಸ್ ಬಂದಿದೆ."

"ಎಲ್ ನಡೀತಾದೆ ಸಾ? ಆವತ್ತೊಂದಿನ ಆಲುಕ್ಕುಸಿ ಬಾಗ್ಲಾಕುದ್ವಿ. ಆಷಾಢ ಬತ್ತಿತ್ತಲ್ಲ, ಅದುಕ್ಕೆ."

"ನಾನೇ ದುಡ್ಡು ಕೊಟ್ಟು ತಿಂದಿದೀನಲ್ಲಮ್ಮ. ನೋಡಿದ್ದನ್ನ ಬರೀಲೇಬೇಕು."

ಕೆಟ್ಟವರಲ್ಲ, ಅವರ ಮುಖವೂ ಸಪ್ಪಗಿತ್ತು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ತೋರಣ, ಹಬೆಯಾಡುವ ಇಡ್ಲಿ ಪಾತ್ರೆ, ಕೈಯಲ್ಲಿ ನೋಟು ಹಿಡಿದು ಹಲ್ಲು ಕಿರಿಯುತ್ತಿರುವ ನಾನು. ನನ್ನ ಮುಖ ನೋಡಿ ನನಗೇ ಅಸಹ್ಯವಾಯಿತು.

ಗಂಡ ವಾಪಸ್ ಬಂದ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಬೈದಿದ್ದರೆ ಜಗಳವಾದರೂ ಆಡಿ ಹಗುರಾಗುತ್ತಿದ್ದೆ.

ಮಳಿಗೆಯವನು ಮುಂಗಡ ವಾಪಸ್ ಕೊಡಲಿಲ್ಲ. ಬೀಗದ ಕೈ ಒಪ್ಪಿಸಿ, ದೇವರ ಪಟವನ್ನು ಚೀಲಕ್ಕೆ ಹಾಕಿಕೊಂಡು ನಂಜನಗೂಡಿನ ಬಸ್ ಹತ್ತಿದೆವು. ಹೆಂಗಸು, ನನಗೆ ಟಿಕೆಟ್ ಫ್ರೀ. ಗಂಡ ಎರಡೂ ಜೇಬು ತಡಕಿದರು, ಸಾಲಲಿಲ್ಲ. ಕಂಡಕ್ಟರ್ ಕಾಯುತ್ತಾ ನಿಂತಿದ್ದ. ಬೋಣಿ ದುಡ್ಡನ್ನು ಖರ್ಚು ಮಾಡಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪಟದ ಹಿಂದಿನಿಂದ ಆ ಐವತ್ತರ ನೋಟು ತೆಗೆದು ಕೊಟ್ಟೆ. ನಮ್ಮ ಹೋಟೆಲು ದುಡಿದದ್ದು ಅಷ್ಟೇ.